ತೊಳೆಸಿಕೊಳ್ಳುವ ಕಷ್ಟ

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದ ಸಂಜೆ ಪಾದ ತೊಳೆಸಿಕೊಳ್ಳಲೆಂದು ಆಯ್ಕೆಯಾದ ಹನ್ನೆರಡು ಮಂದಿ ಮನೆಯಲ್ಲಿಯೇ ಕಾಲು ತೊಳೆದುಕೊಂಡು ಇಗರ್ಜಿಗೆ ಬರುತ್ತಾರೆ. ಬಚ್ಚಲಲ್ಲಿ ಎರಡು ಚೊಂಬು ನೀರು ಹೊಯ್ದುಕೊಂಡು ಬರುವುದಲ್ಲ. ಹಿಮ್ಮಡಿಯನ್ನು ಒಗೆಯುವ ಕಲ್ಲಿಗೆ ತಿಕ್ಕಿ, ಉಗುರು ಕತ್ತರಿಸಿ, ಬಿರುಕುಗಳಿಗೆ ಕೊಬ್ಬರಿ ಎಣ್ಣೆ ಸವರಿ, ಕೆಲವರಂತೂ ಆ ದಿನಕ್ಕೆಂದೇ ಹೊಸ ಚಪ್ಪಲಿ ಕೊಂಡು ಬರುತ್ತಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ನಿಯಮ ಬದಲಿಸಿದ ಮೇಲೆ ಆ ಹನ್ನೆರಡು ಕುರ್ಚಿಗಳಲ್ಲಿ ಹೆಂಗಸರೂ ಕೂರಬಹುದಾಗಿದೆ. ಅವರು ಗಂಡಸರಿಗಿಂತ ಒಂದು ಕೈ ಹೆಚ್ಚಾಗಿಯೇ ತಿಕ್ಕಿಕೊಂಡು ಬರುತ್ತಾರೆ. ಯೇಸುಸ್ವಾಮಿ ಕೊನೆಯ ಭೋಜನದ ರಾತ್ರಿ ಶಿಷ್ಯರ ಕಾಲಿನ ಧೂಳು ತೊಳೆದರೆಂಬುದರ ನೆನಪಿಗೆ ನಡೆಯುವ ಈ ಆಚರಣೆಯಲ್ಲಿ ಗುರುಗಳು ತೊಳೆಯುವುದು ಆಗಲೇ ತೊಳೆದಾಗಿರುವ ಕಾಲುಗಳನ್ನು. ಚಿಕ್ಕಂದಿನಿಂದ ನೋಡುತ್ತ ಬಂದ ಈ ಸಂಗತಿಯಲ್ಲಿ ಯಾರಿಗೂ ಏನೂ ವಿಚಿತ್ರವೆನಿಸಿದ್ದಿಲ್ಲ, ನನಗೂ ಅನಿಸಿದ್ದಿಲ್ಲ. ಆದರೆ ಈಚೆಗೆ ಕೆಲವು ವರ್ಷಗಳಿಂದ ಇದು ಮನಸ್ಸಿನಲ್ಲಿ ಕೊರೆಯುತ್ತಿದೆ. ನಂಬಿಕೆಯಿಂದ ಪಾಪ ತೊಳೆದುಹೋಗುತ್ತದೆ, ನಂಬಿಕೆಯಿಂದ ರಕ್ಷಣೆ ಸಿಗುತ್ತದೆ ಎಂದು ನಾವು ಪ್ರತಿ ಭಾನುವಾರ ಕೇಳುವ ಮಾತಿನಲ್ಲಿ ಕಷ್ಟದ ಭಾಗ ಯಾವುದು ಎಂದು ಯೋಚಿಸಿದಾಗಲೆಲ್ಲ ಈ ತೊಳೆದ ಕಾಲುಗಳೇ ಕಣ್ಣ ಮುಂದೆ ಬರುತ್ತವೆ.

ಅವುಗಳಲ್ಲಿ ಒಂದು ಜೋಡಿ ಕಾಲು ನನಗೆ ಚೆನ್ನಾಗಿ ನೆನಪಿದೆ. ತೀರ್ಥಹಳ್ಳಿ ಕಡೆಯ ನಮ್ಮ ಧರ್ಮಕೇಂದ್ರ ದೊಡ್ಡದೇನಲ್ಲ. ಹಂಚಿನ ಮಾಡು, ಎದುರಿಗೊಂದು ಹಲಸಿನ ಮರ, ಹಿಂದೆ ಸಮಾಧಿಗಳ ಹಿತ್ತಲು. ಜೀವಮಾನವಿಡೀ ಬೇರೆಯವರ ತೋಟದಲ್ಲಿ ಗುದ್ದಲಿ ಹಿಡಿದ ಮುದುಕರೊಬ್ಬರನ್ನು ಆ ವರ್ಷ ಗುರುಗಳು ಆರಿಸಿದ್ದರು. ಸೊಸೆ ಮಧ್ಯಾಹ್ನವೇ ಅವರನ್ನು ಕೂರಿಸಿಕೊಂಡು ತೆಂಗಿನ ನಾರಿನಲ್ಲಿ ಕಾಲು ಉಜ್ಜಿದ್ದಳಂತೆ. ಆದರೂ ಆ ಕಾಲು ಬಿಳುಪಾಗುವಂಥದ್ದಲ್ಲ. ಹೆಬ್ಬೆರಳ ಉಗುರು ಹಿಂದೆಂದೋ ಗುದ್ದಲಿ ಪೆಟ್ಟಿಗೆ ಸೀಳಿ ಎರಡು ಭಾಗವಾಗಿ ಬೆಳೆದಿತ್ತು; ಹಿಮ್ಮಡಿಯ ಬಿರುಕುಗಳಲ್ಲಿ ಮಣ್ಣು ಬಣ್ಣವಾಗಿಯೇ ಉಳಿದುಹೋಗಿತ್ತು; ಮೀನಖಂಡದ ಮೇಲೆ ಹಳೆಯ ಇಂಬಳ ಕಚ್ಚಿದ ಕಲೆಗಳು. ಗುರುಗಳು ಮೇಲುಡುಗೆ ಕಳಚಿಟ್ಟು, ಸೊಂಟಕ್ಕೆ ಟವೆಲು ಕಟ್ಟಿ, ಒಬ್ಬೊಬ್ಬರ ಮುಂದೆಯೂ ಮಂಡಿಯೂರುತ್ತ ಇವರ ಬಳಿ ಬಂದು ಬಲಗಾಲು ಹಿಡಿದಾಗ ಈ ಮನುಷ್ಯ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಗುರುಗಳು ಬಿಡಲಿಲ್ಲ. ತಂಬಿಗೆ ಹಿಡಿದಿದ್ದ ಹುಡುಗ ಏನು ಮಾಡಬೇಕೆಂದು ತೋಚದೆ ನೀರನ್ನು ಬೇಸಿನ್ನಿನ ಹೊರಗೆ ಹೊಯ್ದ. ಬಲಿಪೂಜೆ ಮುಗಿದ ಮೇಲೆ ಹಲಸಿನ ಮರದ ಕೆಳಗೆ ನಿಂತು ಆ ಮುದುಕರು ನನ್ನ ತಂದೆಯವರಿಗೆ ಹೇಳಿದ ಮಾತು ಇದು: ‘ಫಾದರ್ ಕೈಲಿ ಕಾಲು ಹಿಡಿಸ್ಕಂಡೆ. ಇವತ್ತು ನಂಗೆ ಊಟ ಸೇರದಿಲ್ಲ.’

ಯೊವಾನ್ನರ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಶಿಷ್ಯ ಪೇತ್ರ ಆಡುವುದೂ ಹೆಚ್ಚುಕಡಿಮೆ ಇದೇ ಮಾತನ್ನು. ಎಂದಿಗೂ ನನ್ನ ಕಾಲನ್ನು ನೀವು ತೊಳೆಯಕೂಡದು ಎನ್ನುತ್ತಾನೆ. ನಾನು ತೊಳೆಯದಿದ್ದರೆ ನನ್ನೊಡನೆ ನಿನಗೆ ಪಾಲಿಲ್ಲ ಎಂದು ಯೇಸು ಹೇಳಿದಾಗ ಹೆದರಿ, ಹಾಗಾದರೆ ಕಾಲು ಮಾತ್ರವಲ್ಲ, ಕೈಯನ್ನೂ ತಲೆಯನ್ನೂ ತೊಳೆಯಿರಿ ಎನ್ನುತ್ತಾನೆ. ಪೇತ್ರನ ಈ ಎರಡನೆಯ ಮಾತನ್ನು ಭಕ್ತಿಯ ಉತ್ಸಾಹವೆಂದು ಇಗರ್ಜಿಯ ಪ್ರಸಂಗಗಳಲ್ಲಿ ಹೊಗಳುವುದುಂಟು. ನನಗೇನೋ ಅದು ಮೊದಲನೆಯ ನಿರಾಕರಣೆಯ ಇನ್ನೊಂದು ಮುಖವೆಂದೇ ತೋರುತ್ತದೆ: ತೊಳೆಸಿಕೊಳ್ಳುವುದು ತಪ್ಪದು ಎಂದ ಮೇಲೆ ಎಲ್ಲಿ, ಎಷ್ಟು ತೊಳೆಯಬೇಕೆಂಬುದನ್ನಾದರೂ ತಾನೇ ಗೊತ್ತುಮಾಡಬೇಕೆಂಬ ಹಟ. ಇನ್ನೊಂದು ವಿವರದ ಬಗ್ಗೆ ನಾವು ಅಷ್ಟಾಗಿ ಮಾತಾಡುವುದಿಲ್ಲ. ಯೂದ ಆ ಕೋಣೆಯಿಂದ ಹೊರಟುಹೋಗುವುದು ಪಾದ ತೊಳೆದಾದ ಮೇಲೆ. ಗುರುವನ್ನು ಹಿಡಿದುಕೊಡಲು ನಡೆದುಹೋದ ಕಾಲುಗಳಿಗೂ ಗುರುವಿನ ಕೈಯ ನೀರು ಬಿದ್ದಿತ್ತು. ಹಾಗಿದ್ದೂ ಅವನು ಶುದ್ಧನಾಗಲಿಲ್ಲವೆಂದು ಸುವಾರ್ತೆಯೇ ಹೇಳುತ್ತದೆ. ನೀರು ಒಂದೇ, ತೊಳೆದ ಕೈ ಒಂದೇ. ಅಂದ ಮೇಲೆ ನಂಬಿಕೆ ಎಂದು ನಾವು ಕರೆಯುವುದು ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿಂದಲೇ ಹುಡುಕಬೇಕು.

‘ನಿಮ್ದು ಸಲೀಸು’

ನಮ್ಮ ನೆರೆಮನೆಯ ಭಟ್ಟರು ಓದಿಕೊಂಡವರು, ಮಾತಿನಲ್ಲಿ ಮುಲಾಜು ಇಟ್ಟುಕೊಳ್ಳದವರು. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ತುಂಗೆಯ ಸ್ನಾನ ಮುಗಿಸಿ ಬಂದ ದಿನ ನಮ್ಮ ಜಗಲಿಯಲ್ಲಿ ಕೂತು ಹೇಳಿದರು: ‘ನಿಮ್ದು ಬಾಳ ಸಲೀಸು ಮಾರಾಯ. ತಪ್ಪು ಮಾಡದು, ಪಾದ್ರಿ ಹತ್ರ ಹೋಗಿ ಹೇಳದು, ಮುಗ್ದೇಹೋತು. ನಮ್ದು ಹಂಗಲ್ಲ. ಮಾಡಿದ್ದುಣ್ಣೋ ಮಾರಾಯ, ಅಷ್ಟೇ.’ ಹಾಗಿದ್ದರೆ ಈ ಚಳಿಯಲ್ಲಿ ಬೆಳಗಿನ ಜಾವ ಹೊಳೆಗಿಳಿದು ಮುಳುಗಿದ್ದು ಏಕೆ ಎಂದು ನಾನು ಕೇಳಿದೆ. ಅವರು ನಕ್ಕು ಪರಶುರಾಮನ ಕತೆ ಎತ್ತಿದರು. ಊರಿನವರೆಲ್ಲ ಬಲ್ಲ ಕತೆಯೇ: ತಾಯಿಯನ್ನು ಕಡಿದ ಕೊಡಲಿಯ ರಕ್ತವನ್ನು ಎಷ್ಟು ತೀರ್ಥಗಳಲ್ಲಿ ತೊಳೆದರೂ ಎಳ್ಳಿನಷ್ಟು ಕಲೆ ಉಳಿದುಬಿಟ್ಟಿತಂತೆ, ಅದು ಹೋದದ್ದು ಇಲ್ಲಿಯ ತುಂಗೆಯಲ್ಲಿ. ಆ ಕತೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ತಂದೆಯ ಆಜ್ಞೆಯನ್ನು ಪಾಲಿಸಿದವನು, ತಾಯಿಯನ್ನು ಮರಳಿ ಬದುಕಿಸಿಕೊಂಡವನು, ಅಂದರೆ ಲೆಕ್ಕದ ಪ್ರಕಾರ ಬಾಕಿ ಏನೂ ಇಲ್ಲದವನು. ಅವನ ಕೊಡಲಿಯ ಮೇಲೂ ಎಳ್ಳಿನಷ್ಟು ಉಳಿಯಿತು. ಪಾಪದ ವಿಷಯದಲ್ಲಿ ಲೆಕ್ಕ ಸರಿಹೋದರೂ ಕಲೆ ಹೋಗುವುದಿಲ್ಲವೆಂಬುದನ್ನು ಈ ಕತೆ ಕಟ್ಟಿದವರು ಬಲ್ಲವರೇ ಆಗಿದ್ದರು.

ಭಟ್ಟರ ಆಕ್ಷೇಪಣೆಯನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ನಮ್ಮವರಲ್ಲಿಯೇ ಬಹಳ ಮಂದಿ ಅವರು ಹೇಳಿದ ಹಾಗೆಯೇ ಬದುಕುತ್ತಾರೆ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬುದು 1215ರಲ್ಲಿ ಸೇರಿದ ಕಥೋಲಿಕ ಧರ್ಮಾಧ್ಯಕ್ಷರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯ ಕಾಲದಿಂದ ಬಂದ ಕಟ್ಟಳೆ. ಆ ಒಂದು ಸಲವನ್ನು ಪಾಸ್ಖ (ಈಸ್ಟರ್) ಹಬ್ಬದ ಮುನ್ನಾ ವಾರ ಮುಗಿಸಿ, ಕೊಟ್ಟ ಜಪಗಳನ್ನು ಮನೆ ಮುಟ್ಟುವುದರೊಳಗೆ ಹೇಳಿಬಿಟ್ಟು, ಇನ್ನೊಂದು ವರ್ಷಕ್ಕೆ ನಿಶ್ಚಿಂತರಾಗುವವರು ಯಾವ ಧರ್ಮಕೇಂದ್ರದಲ್ಲಿ ಇಲ್ಲ? ಆದರೆ ಅಂದು ನಾನು ಭಟ್ಟರಿಗೆ ಹೇಳಿದ್ದು ಬೈಬಲ್ಲಿನ ನಾಮಾನನ ಕತೆಯನ್ನು. ಅರಾಮ್ ದೇಶದ ಸೇನಾಪತಿ, ಕುಷ್ಠರೋಗಿ. ಪ್ರವಾದಿ ಎಲೀಷನ ಮನೆ ಬಾಗಿಲಿಗೆ ರಥ, ಕುದುರೆ, ಬೆಳ್ಳಿಬಂಗಾರಗಳೊಡನೆ ಬರುತ್ತಾನೆ. ಪ್ರವಾದಿ ಹೊರಗೂ ಬರದೆ ಆಳಿನ ಕೈಯಲ್ಲಿ ಹೇಳಿ ಕಳಿಸುತ್ತಾನೆ: ಹೋಗಿ ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗು. ನಾಮಾನನಿಗೆ ಸಿಟ್ಟು ನೆತ್ತಿಗೇರುತ್ತದೆ. ನಮ್ಮ ದಮಸ್ಕದ ಅಬಾನ, ಪರ್ಪರ ನದಿಗಳು ಈ ಹೊಳೆಗಿಂತ ಕಡಿಮೆಯೇ ಎನ್ನುತ್ತಾನೆ. ಆಗ ಅವನ ಸೇವಕರು, ಪ್ರವಾದಿ ಏನಾದರೂ ಕಠಿಣವಾದದ್ದನ್ನು ಹೇಳಿದ್ದರೆ ನೀವು ಮಾಡುತ್ತಿರಲಿಲ್ಲವೇ, ಬರೀ ಮಿಂದು ಶುದ್ಧನಾಗು ಎಂದದ್ದಕ್ಕೆ ಏಕೆ ಸಿಟ್ಟು ಎಂದು ಕೇಳುತ್ತಾರೆ. ಭಟ್ಟರು ಕತೆಯನ್ನು ಗಮನವಿಟ್ಟು ಕೇಳಿದರು. ಕೊನೆಗೆ, ‘ಅಡ್ಡಿಲ್ಲ, ಕತೆ ಚಲೋ ಇದೆ. ಆದ್ರೆ ಬರೀ ನಂಬ್ಕೆ ಸಾಕಾಗಿದ್ರೆ ಒಂದೇ ಸಲ ಸಾಕಿತ್ತಲ, ಏಳು ಯಾಕೆ?’ ಎಂದರು. ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಆರನೆಯ ಸಲ ಮುಳುಗಿ ಎದ್ದಾಗಲೂ ಮೈಯಲ್ಲಿ ಏನೂ ಬದಲಾಗದಿದ್ದ ನಾಮಾನನ ಮುಖ ಹೇಗಿದ್ದಿರಬಹುದು ಎಂದು ಆಮೇಲೆ ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಪ್ರೇಷಿತ ಪೌಲರು ಎಫೆಸ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲ. ನೀವು ರಕ್ಷಣೆ ಹೊಂದಿದ್ದು ಕೃಪೆಯಿಂದ, ನಂಬಿಕೆಯ ಮೂಲಕ. ಅದು ನಿಮ್ಮಿಂದಾದದ್ದಲ್ಲ, ದೇವರ ವರ. ಕ್ರಿಯೆಗಳಿಂದಾದದ್ದಲ್ಲವಾದ್ದರಿಂದ ಯಾರೂ ಹೊಗಳಿಕೊಳ್ಳುವ ಹಾಗಿಲ್ಲ. ಈ ಒಂದು ಮಾತಿನ ಸುತ್ತ ಯೂರೋಪು ಹೊತ್ತಿ ಉರಿದ ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. 1517ರಲ್ಲಿ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ವಿಟೆನ್‌ಬರ್ಗ್‌ನಲ್ಲಿ ತಕರಾರು ತೆಗೆದದ್ದು ಪಾಪದ ಶಿಕ್ಷೆಗೆ ವಿನಾಯಿತಿಯ ಚೀಟಿಯನ್ನು ದುಡ್ಡಿಗೆ ಕೊಡುವ ವ್ಯಾಪಾರದ ವಿರುದ್ಧ. ಬರಬರುತ್ತ ವಾದವು ನಂಬಿಕೆಯೊಂದೇ ಸಾಕೇ ಎಂಬಲ್ಲಿಗೆ ಬಂದು ನಿಂತಿತು. 1547ರಲ್ಲಿ ಟ್ರೆಂಟ್ ಮಹಾಸಭೆ ಕಥೋಲಿಕರ ಉತ್ತರವನ್ನು ಬರೆದಿಟ್ಟಿತು. ಲೂಥರನ ಕಡೆಯವರೂ ಕಥೋಲಿಕರೂ ಕೂತು, ರಕ್ಷಣೆಗೆ ಮೂಲ ನಮ್ಮ ಪುಣ್ಯವಲ್ಲ, ಕ್ರಿಸ್ತನ ಕೃಪೆಯೇ ಎಂದು ಒಂದೇ ಕಾಗದಕ್ಕೆ ಸಹಿ ಹಾಕಲು 1999ರ ಅಕ್ಟೋಬರ್ 31ರವರೆಗೆ ಕಾಯಬೇಕಾಯಿತು. ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಆದ ಆ ಸಹಿಯ ಸುದ್ದಿ ನಮ್ಮ ಘಟ್ಟಕ್ಕೆ ಮುಟ್ಟಿದಂತೆ ಕಾಣೆ. ಇಲ್ಲಿಯ ಮದುವೆ ಮನೆಗಳಲ್ಲಿ ಪ್ರಾರ್ಥನಾಕೂಟಕ್ಕೆ ಹೋಗುವ ಸಂಬಂಧಿಕರೊಬ್ಬರು ‘ನೀವು ರಕ್ಷಣೆ ಹೊಂದಿದ್ದೀರಾ’ ಎಂದು ಊಟದ ಪಂಕ್ತಿಯಲ್ಲೇ ಕೇಳಿ, ಅಜ್ಜಿಯೊಬ್ಬರು ‘ನಾನು ಹುಟ್ಟಿದ ಎಂಟನೇ ದಿನಕ್ಕೇ ಜ್ಞಾನಸ್ನಾನ ಮಾಡಿಸಿಕೊಂಡವಳು’ ಎಂದು ರೇಗುವುದು ಈಗಲೂ ನಡೆದೇ ಇದೆ.

ಆ ಅಜ್ಜಿಯ ಮಾತಿನಲ್ಲಿ ತಥ್ಯವಿದೆ. ಎಳೆಯ ಕೂಸಿಗೆ ಜ್ಞಾನಸ್ನಾನ ಕೊಡುವಾಗ ಅದು ಏನನ್ನೂ ನಂಬುವ ಸ್ಥಿತಿಯಲ್ಲಿ ಇರುವುದಿಲ್ಲ. ಸೈತಾನನನ್ನು ತ್ಯಜಿಸುತ್ತೀರಾ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ತಂದೆತಾಯಿ, ಜ್ಞಾನಪಿತೃಗಳು. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಪ್ರಧಾನಾಲಯದಲ್ಲಿ ಧರ್ಮಾಧ್ಯಕ್ಷರು ವರ್ಷಕ್ಕೊಮ್ಮೆ ಆಶೀರ್ವದಿಸಿ ಕಳಿಸಿದ ತೈಲ, ಬಾವಿಯ ನೀರು, ಬೇರೆಯವರ ಬಾಯಿಯ ಮಾತು. ಕೂಸಿನ ಪಾಲಿನದೆಂದರೆ ಒಂದಿಷ್ಟು ಅಳು. ದೊಡ್ಡವರ ನಂಬಿಕೆ ಇದಕ್ಕಿಂತ ಹೆಚ್ಚಿನ ಸಾಧನೆ ಎಂದು ಭಾವಿಸಿದ ಕೂಡಲೇ ನಂಬಿಕೆಯೂ ಒಂದು ಕ್ರಿಯೆಯಾಗಿಬಿಡುತ್ತದೆ. ಅದೂ ಪೌಲರು ಬೇಡವೆಂದ ಹೊಗಳಿಕೆಗೆ ಸಾಮಗ್ರಿಯಾಗುತ್ತದೆ. ನಾನು ಬಲವಾಗಿ ನಂಬಿದೆ, ಅದಕ್ಕೇ ರಕ್ಷಣೆ ಸಿಕ್ಕಿತು ಎನ್ನುವವನೂ ಕಾಲು ತೊಳೆದುಕೊಂಡೇ ಬಂದವನು. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಇಂಥದ್ದಕ್ಕೆ ಸಮಯವೇ ಇರಲಿಲ್ಲ. ಅವನು ತನ್ನ ಶಿಕ್ಷೆ ನ್ಯಾಯವಾದದ್ದೆಂದು ಒಪ್ಪಿದ, ನಿಮ್ಮ ರಾಜ್ಯದಲ್ಲಿ ನನ್ನನ್ನು ನೆನೆಸಿಕೊಳ್ಳಿ ಎಂದು ಕೇಳಿದ. ನಂಬಿಕೆಯಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಕ್ಕಿಲ್ಲವೆಂದು ನನ್ನ ಅನಿಸಿಕೆ: ಕೊಳೆ ಇದ್ದ ಹಾಗೆಯೇ ಕಾಲು ಮುಂದಿಡುವುದು. ಯೂದ ಮುಂದಿಟ್ಟದ್ದು ಕಾಲನ್ನು ಮಾತ್ರ. ತಾನು ಎಲ್ಲಿಗೆ ಹೊರಟಿದ್ದೇನೆಂಬುದನ್ನು ಒಳಗೇ ಇಟ್ಟುಕೊಂಡ.

ಚೊಗರು

ಅಡಿಕೆ ಸುಲಿಯುವ ಕಾಲವೂ ಕ್ರಿಸ್ಮಸ್ಸಿನ ಪಾಪನಿವೇದನೆಯ ಕಾಲವೂ ನಮ್ಮಲ್ಲಿ ಒಂದೇ. ಡಿಸೆಂಬರಿನ ಸಂಜೆ ಇಗರ್ಜಿಯ ಪಕ್ಕದ ಬಾಗಿಲಿನಿಂದ ಹಿಡಿದು ಸಾಲುಗಟ್ಟಿ ನಿಂತ ಹೆಂಗಸರ ಕೈಗಳನ್ನು ನೋಡಿದರೆ ಯಾರು ಯಾರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಬಂದವರೆಂದು ಹೇಳಬಹುದಿತ್ತು. ಬೆರಳ ತುದಿ, ಉಗುರಿನ ಸಂದು, ಅಂಗೈಯ ಗೆರೆಗಳೆಲ್ಲ ಅಡಿಕೆಯ ಒಗರು ರಸಕ್ಕೆ, ಅಂದರೆ ಚೊಗರಿಗೆ, ಕಪ್ಪು. ಮೊದಲೇ ಎಣ್ಣೆ ಹಚ್ಚಿಕೊಂಡು ಕೂತರೂ, ಆಮೇಲೆ ಹುಣಸೆಹಣ್ಣು, ನಿಂಬೆಹೋಳು ಹಾಕಿ ತಿಕ್ಕಿದರೂ ಅದು ಪೂರ್ತಿ ಹೋಗುವುದಿಲ್ಲ. ಆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿರುತ್ತಿದ್ದರು, ಪರಮಪ್ರಸಾದಕ್ಕೆ ಕೈ ಚಾಚುವಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು. ಅಮ್ಮನೂ ಅವರಲ್ಲಿ ಒಬ್ಬಳು. ಕುಮ್ಸಾರ್‌ಗೆ, ಅಂದರೆ ಪಾಪನಿವೇದನೆಗೆ, ಹೋಗುವ ಮುಂಚೆ ಅವಳು ಕೈ ತಿಕ್ಕುತ್ತಿದ್ದ ಹೊತ್ತು ಕಂಡರೆ, ಗುರುಗಳ ಕಿವಿಗೆ ಹೇಳಲಿರುವುದು ಆ ಕಪ್ಪನ್ನೇ ಏನೋ ಎನ್ನಿಸುತ್ತಿತ್ತು.

ಬೈಬಲ್ಲಿನಲ್ಲಿ ಪಾಪದ ಬಗ್ಗೆ ಬರುವ ಹಲವು ಕಡೆ ಬಣ್ಣ ಹಿಡಿದ ಬಟ್ಟೆ, ತೊಳೆಯುವ ನೀರು, ಹಿಮದ ಬಿಳುಪು ಬರುತ್ತವೆ. ನಿಮ್ಮ ಪಾಪಗಳು ಕಡುಗೆಂಪಾಗಿದ್ದರೂ ಹಿಮದಂತೆ ಬೆಳ್ಳಗಾಗುವವು ಎಂದು ಯೆಶಾಯ ಪ್ರವಾದಿಯ ಗ್ರಂಥದ ಮೊದಲ ಅಧ್ಯಾಯವೇ ಹೇಳುತ್ತದೆ. ಐವತ್ತೊಂದನೆಯ ಕೀರ್ತನೆಯಲ್ಲಿ ಅರಸ ದಾವೀದ ನನ್ನನ್ನು ತೊಳೆ, ಹಿಸ್ಸೋಪ್ ಗಿಡದ ಬರಲಿನಿಂದ ಶುದ್ಧಿಮಾಡು, ಹಿಮಕ್ಕಿಂತ ಬೆಳ್ಳಗಾಗುವೆನು ಎಂದು ಬೇಡುತ್ತಾನೆ. ಅವನು ಮಾಡಿದ್ದು ಸಣ್ಣ ತಪ್ಪಲ್ಲ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕೂಡಿದ್ದಲ್ಲದೆ ಊರೀಯನನ್ನು ಯುದ್ಧದ ಮುಂಚೂಣಿಗೆ ಹಾಕಿ ಕೊಲ್ಲಿಸಿದ್ದು. ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಮತ್ತೆ ಮತ್ತೆ ಓದುವ ಈ ಕೀರ್ತನೆಯಲ್ಲಿ ನನ್ನ ಗಮನ ಬಹಳ ಕಾಲ ಈ ತೊಳೆ, ಉಜ್ಜು ಎಂಬ ಬೇಡಿಕೆಗಳ ಮೇಲೆಯೇ ಇತ್ತು. ಆದರೆ ಅಷ್ಟೆಲ್ಲ ತೊಳೆಯಲು ಬೇಡಿಕೊಂಡ ದಾವೀದ ಕೆಲವು ಸಾಲುಗಳ ಬಳಿಕ, ದೇವರೇ, ನನ್ನಲ್ಲಿ ಶುದ್ಧ ಹೃದಯವನ್ನು ನಿರ್ಮಿಸು ಎನ್ನುತ್ತಾನೆ. ಇದ್ದದ್ದನ್ನು ತೊಳೆದರೆ ಸಾಲದು, ಹೊಸದು ಬೇಕು. ಚೊಗರಿನ ಕೈಗೆ ಆಗುವುದೂ ಹೀಗೆಯೇ. ಅದು ತಿಕ್ಕುವುದರಿಂದ ಹೋಗುವುದಲ್ಲ. ಒಳಗಿನಿಂದ ಹೊಸ ಚರ್ಮ ಬೆಳೆದು ಬಂದಂತೆ, ಸುಗ್ಗಿ ಮುಗಿದು ಕೆಲವು ವಾರಗಳಲ್ಲಿ, ಕೈ ಉಳ್ಳವರ ಪ್ರಯತ್ನವೇನೂ ಇಲ್ಲದೆ ಹೋಗುತ್ತದೆ. ಹೊಸ ಚರ್ಮವನ್ನು ಯಾರೂ ತಿಕ್ಕಿ ಬರಿಸಿಕೊಳ್ಳಲಾರರು. ತಿಕ್ಕಿ ಗಾಯ ಮಾಡಿಕೊಳ್ಳಬಹುದು, ಅಷ್ಟೇ. ಅಂಥವರನ್ನೂ ನಮ್ಮ ನಡುವೆ ನೋಡಿದ್ದೇನೆ, ಹತ್ತು ಸಲ ನಿವೇದಿಸಿದ ಅದೇ ಹಳೆಯ ಪಾಪವನ್ನು ಹನ್ನೊಂದನೆಯ ಸಲವೂ ಗುರುಗಳ ಮುಂದಿಟ್ಟು, ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ನಿದ್ದೆಗೆಟ್ಟವರು.

ಭಟ್ಟರ ‘ಮಾಡಿದ್ದುಣ್ಣೋ’ ಎಂಬುದಕ್ಕೂ ದಾವೀದನ ಕತೆಯಲ್ಲಿ ಜಾಗವಿದೆ. ಪಾಪ ಮಾಡಿದ್ದೇನೆ ಎಂದು ಅವನು ಒಪ್ಪಿದ ಕ್ಷಣದಲ್ಲಿಯೇ ಪ್ರವಾದಿ ನಾತಾನ, ದೇವರು ನಿನ್ನ ಪಾಪವನ್ನು ತೆಗೆದುಹಾಕಿದ್ದಾರೆ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಹುಟ್ಟಿದ ಮಗು ಉಳಿಯುವುದಿಲ್ಲ ಎಂದೂ ಹೇಳುತ್ತಾನೆ. ಕ್ಷಮೆ ಸಿಕ್ಕ ಮನೆಯಲ್ಲೇ ಸಾವೂ ಆಯಿತು. ಈ ಭಾಗವನ್ನು ಓದುವಾಗ ನನಗೆ ಸಮಾಧಾನವಾಗುವುದಿಲ್ಲ. ಮಗು ಮಾಡಿದ್ದೇನು ಎಂಬ ಪ್ರಶ್ನೆಗೆ ಯಾವ ಪ್ರಸಂಗವೂ ಸರಿಯಾದ ಉತ್ತರ ಕೊಟ್ಟದ್ದನ್ನು ಕೇಳಿಲ್ಲ. ಆದರೆ ಕ್ಷಮೆಯೆಂದರೆ ನಡೆದದ್ದು ನಡೆಯಲೇ ಇಲ್ಲವೆಂದು ಆಗುವುದಲ್ಲ ಎಂಬುದಂತೂ ಅಲ್ಲಿ ಸ್ಪಷ್ಟವಾಗಿದೆ. ಊರೀಯ ಮರಳಿ ಬರಲಿಲ್ಲ.

ಬೇಲಿಯ ಕತೆ

ಇಷ್ಟೆಲ್ಲ ಯೋಚಿಸುವಾಗ ನನಗೆ ದೊಡ್ಡಪ್ಪನನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಅವನ ತೋಟದ ಪಕ್ಕದ ತೋಟ ಒಬ್ಬ ವಿಧವೆಯದು. ಗಂಡ ತೀರಿದ ಮೇಲೆ, ಮಕ್ಕಳು ಚಿಕ್ಕವರಿದ್ದಾಗ, ಮಳೆಗಾಲದಲ್ಲಿ ಕುಸಿದ ಬೇಲಿಯನ್ನು ಮತ್ತೆ ಹಾಕುವ ನೆಪದಲ್ಲಿ ದೊಡ್ಡಪ್ಪ ಎರಡು ಸಾಲು ಅಡಿಕೆ ಮರಗಳನ್ನು ತನ್ನ ಕಡೆಗೆ ಸೇರಿಸಿಕೊಂಡಿದ್ದ. ಆಕೆ ಕೇಳಿದಳು, ಊರಿನವರೂ ಕೇಳಿದರು, ಅವನು ಕಾಗದ ತೋರಿಸು ಎಂದ. ಎಷ್ಟೋ ವರ್ಷಗಳ ಬಳಿಕ, ಒಂದು ತಪಸ್ಸುಕಾಲದ ಕೊನೆಯಲ್ಲಿ, ಯಾರೂ ಹೇಳದೆ ಕೇಳದೆ ಆಳುಗಳನ್ನು ಕರೆದುಕೊಂಡು ಹೋಗಿ ಗೂಟಗಳನ್ನು ಕಿತ್ತು ಹಿಂದಿನ ಜಾಗದಲ್ಲೇ ನೆಟ್ಟು ಬಂದ. ಗುರುಗಳು ಹೇಳಿದ್ದರೇ ಎಂದು ನಮಗೆ ಗೊತ್ತಾಗುವ ಹಾಗಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಸತ್ತರೂ ಬಾಯಿಬಿಡುವಂತಿಲ್ಲ, ದೊಡ್ಡಪ್ಪನೂ ಬಿಡಲಿಲ್ಲ. ಮರಗಳಷ್ಟೇ ಅಲ್ಲ, ಅಷ್ಟು ವರ್ಷ ಆ ಎರಡು ಸಾಲಿನಿಂದ ಉಂಡ ಅಡಿಕೆಯ ಲೆಕ್ಕವನ್ನೂ ಹಳೆಯ ಮಂಡಿ ಚೀಟಿಗಳನ್ನು ಇಟ್ಟುಕೊಂಡು ಹಾಕಿದ.

ದೊಡ್ಡಮ್ಮನಿಗೆ ತಡೆಯಲಾರದ ಸಂಕಟ. ‘ಫಾದರ್‌ಗೆ ಹೇಳಿದ್ಮೇಲೆ ಆಯ್ತಲ್ಲ, ಮರ ಯಾಕೆ ಬಿಡಬೇಕಿತ್ತು’ ಎಂದು ಕೊಂಕಣಿಯಲ್ಲಿ ಗೋಳಾಡಿದ್ದು ನನಗೆ ಈಗಲೂ ಕೇಳಿಸುತ್ತದೆ. ಭಟ್ಟರು ನಮ್ಮ ಮೇಲೆ ಹೊರಿಸುವ ಸಿದ್ಧಾಂತವನ್ನು ಅವರಿಗಿಂತ ಗಟ್ಟಿಯಾಗಿ ಹೇಳಿದವಳು ನಮ್ಮ ದೊಡ್ಡಮ್ಮನೇ. ದೊಡ್ಡಪ್ಪ ಜಕ್ಕಾಯನ ಹೆಸರು ಹೇಳಿದ. ಹೆಚ್ಚು ವಿವರಿಸುವ ಜಾಯಮಾನ ಅವನದಲ್ಲ. ಆ ಸುಂಕದವನು ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದದ್ದು ಯೇಸು ಅವನ ಮನೆಗೆ ಹೋದ ಮೇಲೆ, ಮೊದಲಲ್ಲ. ಕೊಟ್ಟರೆ ಮನೆಗೆ ಬರುತ್ತೇನೆ ಎಂಬ ಷರತ್ತು ಎಲ್ಲಿಯೂ ಇರಲಿಲ್ಲ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬರ ಪತ್ರ ಹೇಳುವುದನ್ನು ಪೌಲರ ಮಾತಿಗೆ ಎದುರುತ್ತರವೆಂದು ಎತ್ತಿ ನಿಲ್ಲಿಸುವುದುಂಟು. ದೊಡ್ಡಪ್ಪನ ಬೇಲಿಯನ್ನು ನೋಡಿದವರಿಗೆ ಅವೆರಡೂ ಜಗಳವಾಡುತ್ತಿರುವಂತೆ ಕಾಣಲಿಕ್ಕಿಲ್ಲ. ಮರ ಬಿಟ್ಟುಕೊಟ್ಟು ಅವನು ಕ್ಷಮೆಯನ್ನು ಕೊಂಡುಕೊಂಡನೆಂದು ನಾನು ಎಣಿಸುವುದಿಲ್ಲ. ಅಷ್ಟು ವರ್ಷ ಕಾಗದದ ಹಿಂದೆ ಅಡಗಿದ್ದ ಮನುಷ್ಯನಿಗೆ ಒಂದು ದಿನ ಅಡಗುವ ಅಗತ್ಯವಿಲ್ಲದಂತಾಯಿತು, ಊರಿನ ಮುಂದೆ ಗೂಟ ಕೀಳಲು ಅವಮಾನವಾಗಲಿಲ್ಲ. ಅದು ಎಲ್ಲಿಂದ ಬಂತೆಂದರೆ ಅವನ ಸ್ವಭಾವದಿಂದಲ್ಲ. ಅವನ ಸ್ವಭಾವ ನಮಗೆಲ್ಲ ಚೆನ್ನಾಗಿ ಗೊತ್ತಿತ್ತು.

ದುಡ್ಡನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಅವನು ಆ ಮನೆಗೆ ಹೋದಾಗ ಜೊತೆಗೆ ನನ್ನನ್ನು ಕರೆದುಕೊಂಡು ಹೋಗಿದ್ದ. ಆಕೆ ಹೊರಗೆ ಬಂದರು, ಕೂರಿ ಎನ್ನಲಿಲ್ಲ, ಕಾಫಿ ಕೇಳಲಿಲ್ಲ. ‘ಬೇಲಿ ಕಂಡೆ ಪೊರ್ಬುಗಳೇ. ದುಡ್ಡು ಅಲ್ಲಿ ಜಗಲಿ ಮೇಲೆ ಇಡಿ’ ಎಂದು ಒಳಗೆ ಹೋದರು. ದೊಡ್ಡಪ್ಪ ಇಟ್ಟು ಬಂದ. ದಾರಿಯಲ್ಲಿ ಅವನು ಏನನ್ನೂ ಹೇಳಲಿಲ್ಲ. ಆಮೇಲೆ ಅವನು ಬದುಕಿದ್ದಷ್ಟು ಕಾಲವೂ ಆಕೆ ಅವನೊಡನೆ ಮಾತಾಡಲಿಲ್ಲ, ಅವನ ಸಾವಿಗೂ ಬರಲಿಲ್ಲ, ಮಗನನ್ನು ಕಳಿಸಿದ್ದರು. ಬಲಿಪೀಠದ ಮುಂದೆ ಕಾಣಿಕೆ ಇಡುವಾಗ ಸಹೋದರನಿಗೆ ನಿನ್ನ ಮೇಲೆ ಏನೋ ವಿರೋಧವಿದೆಯೆಂದು ನೆನಪಾದರೆ ಮೊದಲು ಹೋಗಿ ಸಮಾಧಾನವಾಗು ಎಂದು ಮತ್ತಾಯರ ಸುವಾರ್ತೆ ಹೇಳುತ್ತದೆ; ಹೋದ ಮೇಲೂ ಆ ಸಹೋದರ ಒಪ್ಪದಿದ್ದರೆ ಏನು ಮಾಡಬೇಕೆಂದು ಅಲ್ಲಿ ಬರೆದಿಲ್ಲ. ದೇವರು ಕ್ಷಮಿಸಿದ್ದಾರೆಂದು ದೊಡ್ಡಪ್ಪ ನಂಬಿದ್ದ, ಆ ನಂಬಿಕೆಯಲ್ಲೇ ತೀರಿಕೊಂಡ. ಆಕೆಯೂ ಕ್ಷಮಿಸಬೇಕಿತ್ತು ಎಂದು ನಮ್ಮ ಮನೆಯಲ್ಲಿ ಕೆಲವರು ಈಗಲೂ ಅನ್ನುತ್ತಾರೆ. ಹಾಗೆ ಕೇಳುವ ಹಕ್ಕು ನಮ್ಮಲ್ಲಿ ಯಾರಿಗಾದರೂ ಇದೆಯೆಂದು ನನಗೆ ತೋರುವುದಿಲ್ಲ. ದೊಡ್ಡಪ್ಪನಂತೂ ಒಮ್ಮೆಯೂ ಕೇಳಲಿಲ್ಲ.